ಚಿಕ್ಕಮ್ಮನ ಮೇಲೆ ಬರೆದ ಹತ್ತೊಂಬತ್ತು ಪುಟ

ಎದುರುಮನೆ ಚಿಕ್ಕಮ್ಮನ ಮೂಗುಬಟ್ಟಿಗೆ ಕಲ್ಲಿರಲಿಲ್ಲ. ಯಾವಾಗಲೋ ಬಿದ್ದುಹೋಗಿತ್ತು. ಆ ಗುಳಿಗೆ ಅವರು ಕೆಂಪು ಅರಗು ತುಂಬಿಕೊಂಡಿದ್ದರು, ಗಂಡನ ಕಚೇರಿಯಲ್ಲಿ ಲಕೋಟೆಗಳಿಗೆ ಮೊಹರು ಒತ್ತುವ ಅರಗು. ಒಲೆಯ ಮುಂದೆ ಹೆಚ್ಚು ಹೊತ್ತು ಕೂತರೆ ಅದು ಮೆತ್ತಗಾಗುತ್ತಿತ್ತು. ಬೆರಳ ತುದಿಯಿಂದ ಮತ್ತೆ ಒತ್ತಿಕೊಳ್ಳುತ್ತ, "ಮಾಣಿಕ್ಯ ಕರಗ್ತಾ ಇದೆ ಕಣೇ" ಎಂದು ನಗುತ್ತಿದ್ದರು.

ನೆಂಟರೇನೂ ಅಲ್ಲ. ಸ್ವಾತಂತ್ರ್ಯ ಬಂದ ವರ್ಷ ಮೈಸೂರಿನ ಕೃಷ್ಣಮೂರ್ತಿಪುರದ ನಮ್ಮ ಬೀದಿಗೆ ಬಾಡಿಗೆಗೆ ಬಂದವರು. ಬಂದ ವಾರದಲ್ಲೇ ನಮ್ಮಮ್ಮನನ್ನು ಅಕ್ಕ ಎಂದರು, ಅಪ್ಪ ಭಾವ ಆದರು, ನನಗೆ ಅವರು ಚಿಕ್ಕಮ್ಮ ಆದರು. ಮಕ್ಕಳಿರಲಿಲ್ಲ. ಗಂಡ ಅರಮನೆಯ ಕಚೇರಿಯೊಂದರಲ್ಲಿ ಗುಮಾಸ್ತೆ, ಮಾತು ಕಡಿಮೆ. ಚಿಕ್ಕಮ್ಮನಿಗೆ ಮಾತೇ ಉಸಿರು. ಬೀದಿಯಲ್ಲಿ ಯಾರಿಗೆ ಹೆರಿಗೆಯಾಗಲಿ, ಯಾರ ಮನೆಯಲ್ಲಿ ಹಬ್ಬವಾಗಲಿ, ಮೊದಲು ಸೊಂಟಕ್ಕೆ ಸೆರಗು ಸಿಗಿಸಿ ನಿಲ್ಲುತ್ತಿದ್ದವರು ಅವರು.

ಅವರು ಬಂದುಹೋದ ಮನೆಗಳಲ್ಲಿ ಸಣ್ಣಪುಟ್ಟ ವಸ್ತು ಕಾಣೆಯಾಗುತ್ತಿದ್ದದ್ದೂ ನಿಜ. ಕುಂಕುಮದ ಭರಣಿಯ ಮುಚ್ಚಳ, ಗಡಿಯಾರದ ಕೀಲಿಕೈ, ಮಗುವಿನ ಗಿಲಕಿ. ಮೊದಮೊದಲು ಎಲ್ಲರೂ ಹುಡುಕಾಡುತ್ತಿದ್ದರು. ಆಮೇಲೆ ಯಾರೂ ಹುಡುಕುತ್ತಿರಲಿಲ್ಲ. ಎರಡು ಮೂರು ದಿನದಲ್ಲಿ ಆ ಗುಮಾಸ್ತೆ ರಾಯರು ಕಚೇರಿಯಿಂದ ಬರುವಾಗ ಜಗಲಿಯ ಬಳಿ ನಿಂತು, ಕಾಗದದ ಪೊಟ್ಟಣವೊಂದನ್ನು ಇಟ್ಟು, "ಇದು ನಮ್ಮನೆಗೆ ಬಂದ್ಬಿಟ್ಟಿತ್ತು" ಎಂದಷ್ಟೇ ಹೇಳಿ ಹೋಗುತ್ತಿದ್ದರು. ಮುಚ್ಚಳಕ್ಕೆ ಕಾಲು ಮೂಡಿ ಬೀದಿ ದಾಟಿದ ಹಾಗೆ. ಮನೆಯವರು ಪೊಟ್ಟಣ ಬಿಚ್ಚಿ ವಸ್ತುವನ್ನು ಅದರ ಜಾಗಕ್ಕೆ ಇಡುತ್ತಿದ್ದರು. ನಾನೊಮ್ಮೆ ಕೇಳಿದಾಗ ಅಮ್ಮ, "ಅವಳ ಕೈ ಹಾಗೆ, ಮನಸ್ಸು ಹಾಗಲ್ಲ" ಎಂದು ಹೇಳಿ ಆ ವಿಷಯ ಮುಗಿಸಿದರು.

ನಾನು ಇಂಟರ್‌ಮೀಡಿಯೆಟ್ ಮುಗಿಸಿದಾಗ ಅಪ್ಪ ಇನ್ನು ಸಾಕು ಎಂದರು. ಗಂಡು ನೋಡುವ ಮಾತು ನಡೆದಿತ್ತು. ಚಿಕ್ಕಮ್ಮ ಮೂರು ದಿನ ಸತತ ಬಂದು, ನಡುಮನೆಯ ಬಾಗಿಲ ಹಿಂದೆ ನಿಂತು ಅಪ್ಪನ ಜೊತೆ ವಾದ ಮಾಡಿದರು. ಮೂರನೆಯ ದಿನ ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ: "ಭಾವ, ಮದುವೆ ಎರಡು ವರ್ಷ ತಡವಾದ್ರೂ ಆಗತ್ತೆ. ತಪ್ಪಿದ ಓದು ಆಮೇಲೆ ಆಗೋದಿಲ್ಲ. ನನ್ನನ್ನ ನೋಡಿ." ಅವರ ಓದು ಲೋಯರ್ ಸೆಕೆಂಡರಿಗೆ ನಿಂತಿತ್ತು. ಅಪ್ಪ ಒಪ್ಪಿದರು. ಬಿ.ಎ.ಗೆ ನಾನು ಮನಶ್ಶಾಸ್ತ್ರ ತೆಗೆದುಕೊಂಡೆ.

ಎರಡನೆಯ ವರ್ಷ ನಮಗೆ ಅಪರಾಧಿಗಳ ಮನಸ್ಸಿನ ಬಗ್ಗೆ ಪಾಠವಿತ್ತು. ಹೊಸದಾಗಿ ಬಂದಿದ್ದ ಮೇಷ್ಟ್ರು, ಅವರವರು ಕಣ್ಣಾರೆ ಕಂಡ ಒಂದು ವಿಚಿತ್ರ ನಡವಳಿಕೆಯ ಮೇಲೆ ಪ್ರಬಂಧ ಬರೆದು ತನ್ನಿ ಎಂದರು. ಉಳಿದವರು ಪುಸ್ತಕ ನೋಡಿ ಎರಡೆರಡು ಪುಟ ಬರೆದರು. ನಾನು ಇಂಗ್ಲಿಷಿನಲ್ಲಿ ಹತ್ತೊಂಬತ್ತು ಪುಟ ಬರೆದೆ. ಅವರ ಹೆಸರು ಹಾಕಲಿಲ್ಲ, 'ಶ್ರೀಮತಿ ಎ' ಎಂದೆ. ಆದರೆ ಅರಗಿನ ಮೂಗುಬಟ್ಟನ್ನು ಬಿಡಲಿಲ್ಲ, ಓದುವುದಕ್ಕೆ ಚೆನ್ನಾಗಿತ್ತಲ್ಲ. ಮಕ್ಕಳಿಲ್ಲದ ಕೊರಗು ಹೀಗೆ ದಾರಿ ಹುಡುಕಿಕೊಂಡಿದೆ ಎಂದು ಬರೆದೆ. ಗಂಡ ತಂದೊಪ್ಪಿಸಿ ಒಪ್ಪಿಸಿಯೇ ಈ ಚಾಳಿಯನ್ನು ಬೆಳೆಸಿದ್ದಾನೆ ಎಂದೂ ಬರೆದೆ. ಒಂದು ವಾಕ್ಯಕ್ಕೆ ಅಡಿಗೆರೆ ಹಾಕಿದ್ದೆ: ಈಕೆ ಬೆಲೆಬಾಳುವುದನ್ನು ಎಂದೂ ಮುಟ್ಟುವುದಿಲ್ಲ. ನಮ್ಮಮ್ಮನ ಎರಡೆಳೆ ಸರ ವಾರಗಟ್ಟಲೆ ಕಿಟಕಿಯ ಗೂಡಿನಲ್ಲೇ ಬಿದ್ದಿದ್ದರೂ ಚಿಕ್ಕಮ್ಮ ಅದರತ್ತ ತಿರುಗಿ ನೋಡದಿದ್ದುದನ್ನು ನಾನೇ ಕಂಡಿದ್ದೆ.

ಮೇಷ್ಟ್ರು ಅದನ್ನು ತರಗತಿಯಲ್ಲಿ ಓದಿಸಿದರು. ಕಾಲೇಜಿನ ಪತ್ರಿಕೆಯಲ್ಲಿ ಅರ್ಧದಷ್ಟು ಅಚ್ಚಾಯಿತು. ಅಪ್ಪ ಒಳಗೇನಿದೆ ಎಂದು ಓದದೆ, ನನ್ನ ಹೆಸರನ್ನು ಬೀದಿಗೆಲ್ಲ ತೋರಿಸಿದರು. ಚಿಕ್ಕಮ್ಮ ಸಜ್ಜಿಗೆ ಮಾಡಿಕೊಂಡು ಬಂದು, ನನ್ನ ಹೆಸರು ಅಚ್ಚಾದ ಜಾಗವನ್ನು ಬೆರಳಿಂದ ಸವರಿ, ಇದರಲ್ಲೇನಿದೆ, ಕನ್ನಡದಲ್ಲಿ ಹೇಳು ಎಂದು ಕೂತರು. ಮಕ್ಕಳ ಆಟಗಳ ಬಗ್ಗೆ ಎಂದು ಹೇಳಿಬಿಟ್ಟೆ. ಕುಂಟೆಬಿಲ್ಲೆ, ಅಳಗುಳಿಮಣೆ ಎಂದು ಬಾಯಿಗೆ ಬಂದದ್ದನ್ನು ಸೇರಿಸಿದೆ. ಅವರು ತಲೆದೂಗಿ ಕೇಳಿ, ಪತ್ರಿಕೆಯನ್ನು ಗಂಡನಿಗೆ ತೋರಿಸಲು ಕೇಳಿ ತೆಗೆದುಕೊಂಡು ಹೋದರು. ಕೊಡುವುದಿಲ್ಲ ಎನ್ನುವುದಕ್ಕೆ ನನಗೆ ನೆಪ ಸಿಗಲಿಲ್ಲ. ರಾಯರಿಗೆ ಇಂಗ್ಲಿಷ್ ಬರುತ್ತಿತ್ತು. ಮರುದಿನ ಅವರೇ ಹಿಂದಕ್ಕೆ ಕೊಟ್ಟು, "ಭಾಷೆ ಚೆನ್ನಾಗಿದೆಯಮ್ಮ" ಎಂದರು. ಹೆಂಡತಿಗೆ ಒಂದು ಮಾತೂ ಹೇಳಲಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು.

ಅದೇ ಬೇಸಿಗೆಯಲ್ಲಿ ನನ್ನ ಸಹಪಾಠಿಯೊಬ್ಬಳ ಮದುವೆ. ಹಿಂದಿನ ರಸ್ತೆಯವರು. ಚಿಕ್ಕಮ್ಮ ಎಂದಿನಂತೆ ಮುಂಚಿನ ದಿನವೇ ಛತ್ರಕ್ಕೆ ಹೋಗಿ ಹಸೆಗೆ ರಂಗೋಲಿ ಹಾಕಿದ್ದರು. ಧಾರೆಯ ಹೊತ್ತಿಗೆ ಮದುಮಗಳ ಅವಲಕ್ಕಿ ಸರ ಕಾಣಲಿಲ್ಲ. ನಾನು ಊಟದ ಪಡಸಾಲೆಯಲ್ಲಿ ಎಲೆ ಹಾಕುತ್ತಿದ್ದೆ. ಮದುಮಗಳ ತಾಯಿ ಬಂದು ನನ್ನ ಕೈ ಹಿಡಿದರು. "ನೀನೇ ಅಂತೆ, ನಿಮ್ಮೆದುರುಮನೆಯವಳ ಮೇಲೆ ಬರೆದಿರೋದು. ನನ್ನ ಮಗಳು ಹೇಳಿದ್ಲು. ನಿಂಗೆಲ್ಲ ಗೊತ್ತು, ಬಾ."

ಉಗ್ರಾಣದಲ್ಲಿ ತರಕಾರಿ ಬುಟ್ಟಿಗಳ ನಡುವೆ ಚಿಕ್ಕಮ್ಮನನ್ನು ನಿಲ್ಲಿಸಿದ್ದರು. ಮೂವರು ಹೆಂಗಸರು ಸುತ್ತುವರಿದಿದ್ದರು. ಆ ತಾಯಿ, ಈ ಹುಡುಗಿ ನಿಮ್ಮ ಕೈಚಳಕವನ್ನೆಲ್ಲ ಪುಸ್ತಕದಲ್ಲಿ ಹಾಕಿದ್ದಾಳೆ, ಇನ್ನು ಮುಚ್ಚಿಡಬೇಡಿ ಎಂದರು. ಚಿಕ್ಕಮ್ಮ ನನ್ನನ್ನು ನೋಡಿದರು. ಕೋಪವಲ್ಲ. ಪರಿಚಯವಿಲ್ಲದವರ ಮುಖವನ್ನು ಗುರುತು ಹಿಡಿಯಲು ನೋಡುತ್ತೇವಲ್ಲ, ಹಾಗೆ ನೋಡಿದರು. ಸೆರಗು ಕೊಡವಿಸಿದರು, ಮಡಿಲು ಬಿಚ್ಚಿಸಿದರು. ಮಡಿಲಿನಿಂದ ಗಂಧದ ಬಟ್ಟಲಿನ ಪುಟ್ಟ ಹಿತ್ತಾಳೆ ಚಮಚವೊಂದು ಕೆಳಗೆ ಬಿತ್ತು.

ಅಷ್ಟು ಸಾಕಾಯಿತು. ಚಮಚ ತೆಗೆದವಳು ಸರ ತೆಗೆಯುವುದಿಲ್ಲವೇ? ಇಲ್ಲ, ತೆಗೆಯುವುದಿಲ್ಲ ಎಂದು ಹೇಳಬಲ್ಲವಳು ಆ ಛತ್ರದಲ್ಲಿ ನಾನೊಬ್ಬಳೇ ಇದ್ದೆ. ಅಡಿಗೆರೆ ಹಾಕಿ ಬರೆದವಳು. ಅಲ್ಲಿ ಬಿದ್ದ ಚಮಚವೇ ಅವರ ಪರವಾದ ಸಾಕ್ಷಿ ಎಂದು ನನಗೆ ಗೊತ್ತಿತ್ತು. ಬಾಯಿ ತೆರೆದರೆ ಬರೆದದ್ದನ್ನು ಚಿಕ್ಕಮ್ಮನ ಎದುರಿಗೇ ಒಪ್ಪಿಕೊಂಡಂತಾಗುತ್ತಿತ್ತು. ನಾನು ಬುಟ್ಟಿಯಲ್ಲಿದ್ದ ಬೂದುಗುಂಬಳ ನೋಡುತ್ತ ನಿಂತೆ.

ಒಂದು ಗಂಟೆಯಾದ ಮೇಲೆ ಸರ ಮದುಮಗಳ ಪೆಟ್ಟಿಗೆಯಲ್ಲೇ, ಸೀರೆಯ ಮಡಿಕೆಯೊಳಗೆ ಸಿಕ್ಕಿತು. ಅಷ್ಟರಲ್ಲಿ ರಾಯರು ಬಂದು ಹೆಂಡತಿಯನ್ನು ಜಟಕಾದಲ್ಲಿ ಕೂರಿಸಿಕೊಂಡು ಹೋಗಿದ್ದರು. ಚಮಚ ಸಿಕ್ಕಿತ್ತಲ್ಲ, ಹಾಗಾಗಿ ತಪ್ಪಾಯಿತು ಎನ್ನಲು ಯಾರೂ ಅವರ ಮನೆಗೆ ಹೋಗಲಿಲ್ಲ.

ಆಮೇಲೆ ಚಿಕ್ಕಮ್ಮ ಯಾರ ಮನೆ ಹೊಸಿಲನ್ನೂ ತುಳಿಯಲಿಲ್ಲ. ಹೆಚ್ಚುಕಡಿಮೆ ಹದಿನೈದು ದಿನ ತಡೆದು ನಾನೇ ಹೋದೆ. ಬೈಯುತ್ತಾರೆ, ಅಳುತ್ತೇನೆ, ಮುಗಿಯುತ್ತದೆ ಎಂದುಕೊಂಡಿದ್ದೆ. ಅವರು ಅಕ್ಕಿ ಆರಿಸುತ್ತಿದ್ದರು. ಕೂತ್ಕೋ ಎಂದರು. ಮೊರದಿಂದ ಕಣ್ಣೆತ್ತದೆ ಕೇಳಿದರು:

"ಇವರು ನೆನ್ನೆ ಆ ಪತ್ರಿಕೆ ಮತ್ತೆಲ್ಲಿಂದಲೋ ತಂದು ಓದಿ ಹೇಳಿದ್ರು. ನಾನೇ ಹಟ ಮಾಡಿ ಓದಿಸಿಕೊಂಡೆ. ಎಷ್ಟೊಂದು ಬರೆದಿದ್ದೀಯಲ್ಲೇ. ನಾನು ಯಾಕೆ ಹಾಗೆ ಮಾಡ್ತೀನಿ ಅಂತ ನಿಂಗೆ ನಿಜವಾಗ್ಲೂ ಗೊತ್ತಾಯ್ತಾ? ಗೊತ್ತಾಗಿದ್ರೆ ಹೇಳು. ನಂಗೆ ಇಷ್ಟು ವರ್ಷ ಆದ್ರೂ ಗೊತ್ತಾಗಿಲ್ಲ."

ಚುಚ್ಚಲು ಆಡಿದ ಮಾತಲ್ಲ ಅದು. ನಿಜಕ್ಕೂ ಕೇಳುತ್ತಿದ್ದರು. ವೈದ್ಯರನ್ನು ಕೇಳುವ ಹಾಗೆ. ಗೊತ್ತಿಲ್ಲ ಚಿಕ್ಕಮ್ಮ ಎಂದೆ.

ಅವರು ಮೊರದಿಂದ ಒಂದು ಕಲ್ಲು ತೆಗೆದು ಎಸೆದರು. ಆಮೇಲೆ ತಾವೇ ಹೇಳಿದರು. "ಬಾಯಿ ಒಣಗತ್ತೆ. ಆ ವಸ್ತು ಬಿಟ್ರೆ ಮನೇಲಿ ಬೇರೇನೂ ಇಲ್ಲ ಅನ್ಸತ್ತೆ. ಕೈಗೆ ಬಂದ್ಮೇಲೆ ಒಂದು ನಿಮಿಷ ಹಾಯಾಗಿರತ್ತೆ. ಮನೆಗೆ ಬರೋ ಹೊತ್ತಿಗೆ ನನ್ನ ಮೇಲೆ ನಂಗೇ ಹೇಸಿಗೆ. ಮದುವೆಗೆ ಮುಂಚೆನೂ ಹೀಗೇ ಇತ್ತು ಕಣೇ. ಮಕ್ಕಳಿಲ್ಲ ಅಂತಲ್ಲ. ಕೇಳಿದ್ರೆ ನಾನೇ ಹೇಳ್ತಿದ್ನಲ್ಲ."

ಹತ್ತೊಂಬತ್ತು ಪುಟ ಬರೆದಿದ್ದೆ. ಅವರನ್ನು ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ. ಅವತ್ತು ಕ್ಷಮೆಯನ್ನೂ ಕೇಳಲಿಲ್ಲ. ಉಗ್ರಾಣದ ಮಾತನ್ನು ಅವರಾಗಿ ಎತ್ತಲಿಲ್ಲ. ಅದನ್ನೇ ದೊಡ್ಡ ಉಪಕಾರವೆಂದುಕೊಂಡು ಎದ್ದು ಬಂದೆ.

ನಾನು ಎಂ.ಎ. ಮುಗಿಸಿ ತುಮಕೂರಿನಲ್ಲಿ ಅದೇ ವಿಷಯ ಪಾಠ ಮಾಡತೊಡಗಿದೆ. ಅಪರಾಧದ ಪಾಠ ಬಂದಾಗ ವಿದ್ಯಾರ್ಥಿಗಳಿಗೆ, ಮೊದಲು ಆ ಮನುಷ್ಯನನ್ನೇ ಕೇಳಿ ಎಂದು ಹೇಳುತ್ತಿದ್ದೆ. ಅದನ್ನು ಯಾರ ಮನೆಯಲ್ಲಿ ಕಲಿತೆ ಎಂದು ಹೇಳಲಿಲ್ಲ. ಅರವತ್ತರ ದಶಕದಲ್ಲಿ ಒಂದು ದಿನ ಅಮ್ಮನ ಕಾರ್ಡು ಬಂತು: ಎದುರುಮನೆ ಚಿಕ್ಕಮ್ಮ ಹೋಗಿಬಿಟ್ಟಳು, ವೈಕುಂಠ ಸಮಾರಾಧನೆಯೂ ಮುಗಿಯಿತು.

ರಜೆಯಲ್ಲಿ ಮೈಸೂರಿಗೆ ಹೋದಾಗ ರಾಯರನ್ನು ನೋಡಿದ ಮೇಲೆ, ಸೀದಾ ಹಿಂದಿನ ರಸ್ತೆಗೆ ಹೋದೆ. ಆ ಸಹಪಾಠಿಯ ತಾಯಿ ಬಾಗಿಲಲ್ಲೇ ಕೂತು ಹೂ ಕಟ್ಟುತ್ತಿದ್ದರು. ಅವತ್ತು ಉಗ್ರಾಣದಲ್ಲಿ ಚಿಕ್ಕಮ್ಮ ಸರ ತೆಗೆದಿಲ್ಲವೆಂದು ನನಗೆ ಗೊತ್ತಿತ್ತು, ಗೊತ್ತಿದ್ದೂ ಸುಮ್ಮನಿದ್ದೆ ಎಂದು ನಿಂತೇ ಹೇಳಿದೆ. ದಾರಿಯುದ್ದಕ್ಕೂ ಕಟ್ಟಿಕೊಂಡು ಹೋಗಿದ್ದ ಮಾತುಗಳು ಅಷ್ಟೇ ಹೊತ್ತಿನಲ್ಲಿ ಮುಗಿದುಹೋದವು.

ಅವರು ದಾರ ಹಿಡಿದ ಕೈ ನಿಲ್ಲಿಸಿ ನನ್ನನ್ನು ನೋಡಿದರು.

"ಯಾವ ಸರಾನಮ್ಮ?" ಎಂದರು. ನೆನಪಿಸಿದೆ. "ಓ, ಅದಾ. ಅದು ಅವತ್ತೇ ಸಿಕ್ತಲ್ಲ. ಅವಳೂ ಇದ್ಲಾ ಅಲ್ಲಿ? ನಂಗೆ ಮರ್ತೇಹೋಗಿದೆ."

ಒಳಗೆ ಕರೆದು ಕಾಫಿ ಕೊಟ್ಟರು. ಕುಡಿದು ಬಂದೆ.