ಚಂದ್ರಿಯ ಮರಿಗಳೂ ಮನೀಷಾಳ ಕಂಸಗಳೂ

ನಮ್ಮ ಓಣಿಯ ಮನೀಷಾ ಮುಧೋಳದ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾಳೆ. ಸಂಜೆಯಾದರೆ ಲ್ಯಾಪ್‌ಟಾಪ್ ಹಿಡಿದು ನನ್ನ ಕಟ್ಟೆಗೆ ಬಂದು ಕೂಡುತ್ತಾಳೆ. ಅವಳ ಮನೆಯಲ್ಲಿ ಟಿವಿ ಗದ್ದಲ, ನನ್ನ ಕಟ್ಟೆಗೆ ಬೇವಿನ ನೆರಳು.

ಅವಳು ಬರೆಯುವುದು ಲಿಸ್ಪ್ ಎಂಬ ಕಂಪ್ಯೂಟರ್ ಭಾಷೆ. ಅದರ ತುಂಬ ಕಂಸಗಳೇ. ಡಬ್ಬಿಯೊಳಗೆ ಡಬ್ಬಿ ಇಟ್ಟಂತೆ, ತೆರೆದಷ್ಟೂ ಮುಚ್ಚಬೇಕು.

ಆರು ತಿಂಗಳು ಕೂತು ನಾಯಿ ಸಾಕುವವರ ಸಂಘಕ್ಕೆ ಮರಿಗಳ ವಂಶ ದಾಖಲಿಸುವ ಫಾರ್ಮು ಮಾಡಿಕೊಟ್ಟಿದ್ದಳು. ತಪ್ಪು ಬರೆದರೆ ಅದು ತಡೆಯಬೇಕು. ತಡೆಯುತ್ತಿತ್ತು, ಆದರೆ "ಮಾಹಿತಿ ಅಮಾನ್ಯ" ಎಂದಷ್ಟೇ ಹೇಳಿ ಸುಮ್ಮನಾಗುತ್ತಿತ್ತು. ಸಂಘದ ಅಧ್ಯಕ್ಷ ಹಾಲಸಿದ್ದಪ್ಪ ಕಟ್ಟೆಗೇ ಬಂದ.

"ಟೀಚರ್ರೀ, ಇದು ಸಿಟ್ಟಾದ ಅತ್ತಿ ಇದ್ದಂಗ ಐತಿ. ಮಾರಿ ತಿರುವತೈತಿ, ಯಾಕಂತ ಹೇಳಂಗಿಲ್ಲ. ಐತವಾರದ ಸಭಾಕ್ಕ ಸರಿ ಆಗಲಿಲ್ಲಂದ್ರ ಮತ್ತ ಕಾಗದಾನ ಛಲೋ."

ಅವನು ಹೋದ ಮೇಲೆ ಮನೀಷಾ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದಳು.

"ನಾ ತುಂಬತೇನಿ, ನೀ ನೋಡಕೋತ ಕೂಡು," ಎಂದೆ. ಅಕ್ಷರ ಕೂಡಿಸಿ ಓದಲು ನನಗೆ ಹೊತ್ತು ಬೇಕು. ಅವಳು ಕಾದಳು. ನನ್ನ ನಾಯಿ ಚಂದ್ರಿ ಐದು ಮರಿ ಹಾಕಿತ್ತು. ಗಂಡುನಾಯಿ ಕೂಡಿಸಿದ ದಿನ 5-5 ಎಂದು ಬರೆದೆ. ಮರಿ ಹಾಕಿದ ದಿನವನ್ನು ದನದ ಡಾಕ್ಟರರ ಚೀಟಿ ನೋಡಿ 30-9 ಎಂದು ಬರೆದೆ. ಒತ್ತಿದೆ. ಅಮಾನ್ಯ.

"ಆಯಿ, ಚಂದ್ರಿ ಐದ ತಿಂಗಳ ಗಬ್ಬ ಇತ್ತೇನು? ಆಡೇನ ಅದು?" ಎಂದಳು ಮನೀಷಾ. ಓಣಿಗೆಲ್ಲ ನಾನು ಆಯಿ, ಅಂದರೆ ಅಜ್ಜಿ.

"ಹುಚ್ಚಿ, ನಾಗರ ಪಂಚಮಿ ದಿನಾನ ಕೂಡಿಸಿದ್ದು. ಶ್ರಾವಣ ಐದನೇ ತಿಂಗಳು, ಪಂಚಮಿ ಐದನೇ ದಿನ. ಸರಿ ಬರದೇನಲ್ಲ?"

ಅವಳು ಗೋಡೆಯ ಕ್ಯಾಲೆಂಡರ್ ಇಳಿಸಿದಳು. ಪಂಚಮಿ ಬಂದದ್ದು ಜುಲೈ ಇಪ್ಪತ್ತೊಂಬತ್ತಕ್ಕೆ. ಅಲ್ಲಿಂದ ಬೆರಳು ಮಡಚಿ ಎಣಿಸಿದೆವು. ಸರಿಯಾಗಿ ಅರವತ್ಮೂರು ದಿನ, ನಾಯಿ ಗಬ್ಬ ಇರುವಷ್ಟೇ. ಚಂದ್ರಿ ಲೆಕ್ಕ ತಪ್ಪಿರಲಿಲ್ಲ.

"ತಪ್ಪು ಎಲ್ಲೈತಿ ತೋರಸು. ಏನ ಮಾಡಬೇಕಂತ ಹೇಳು," ಎಂದೆ. "ಎಲ್ಲಾ ಒಮ್ಮಿಗೇ ಹೇಳು, ಒಂದೊಂದಕ್ಕ ತಿರುಗಾಡಸಬ್ಯಾಡ."

ನಾಲ್ಕು ಸಂಜೆ ಕೂತು ಫಾರ್ಮಿನ ಲಿಸ್ಪ್ ಮತ್ತೆ ಬರೆದಳು. ಒಂದೊಂದು ಸಂಗತಿ ನೋಡಲು ಒಂದೊಂದು ಸಣ್ಣ ತುಣುಕು. ಸರಿಯಿದ್ದರೆ ಅದು ಸುಮ್ಮನಿರುತ್ತದೆ, ಇಲ್ಲದಿದ್ದರೆ ತನ್ನ ಮಾತು ಕೊಡುತ್ತದೆ. ಆ ಮಾತುಗಳೆಲ್ಲ ಕಡೆಗೆ ಒಂದೇ ಪಟ್ಟಿಯಾಗಿ ಬರುತ್ತವೆ. ಪ್ರತಿ ಮಾತನ್ನೂ ನನ್ನಿಂದ ಓದಿಸಿದಳು. ನಾನು ತಡವರಿಸಿದ ಶಬ್ದ ಕಿತ್ತು ಹಾಕಿದಳು. "ಅಮಾನ್ಯ" ಹೋಯಿತು, "ನಮೂದಿಸಿ" ಹೋಗಿ "ಬರೀರಿ" ಬಂತು.

ಐತವಾರದ ಸಭೆಗೆ ಹಾಲಸಿದ್ದಪ್ಪ ಕಾಗದದ ಫಾರ್ಮುಗಳ ಕಟ್ಟು ಚೀಲದಲ್ಲಿಟ್ಟುಕೊಂಡೇ ಬಂದಿದ್ದ. ಎಲ್ಲರೆದುರು ತನ್ನ ನಾಯಿಯ ಮರಿಗಳನ್ನು ತುಂಬಿ ಒತ್ತಿದ. ಬಂದದ್ದನ್ನು ಗಟ್ಟಿಯಾಗಿ ಓದಿದ:

"ನಾಯಿ ಸುಮಾರು ಅರವತ್ಮೂರು ದಿನಕ್ಕ ಮರಿ ಹಾಕತೈತಿ. ನೀವು ಬರದಿದ್ದರಾಗ ನೂರಾ ನಲವತ್ತೇಳು ದಿನ ಅದಾವು. ಕೂಡಿಸಿದ ದಿನಾ ಪಂಚಾಂಗದ ಲೆಕ್ಕದಾಗ ಬರದೀರೇನು? ಕ್ಯಾಲೆಂಡರ್ ತಾರೀಖು ಬರೀರಿ."

ಅವನು ಮನೀಷಾಳ ಕಡೆ ತಿರುಗಿದ. "ದಸರಾದ ಬನ್ನಿ ಹಬ್ಬದ ದಿನಾನ ಕೂಡಿಸಿದ್ದೆ, ಏಳನೇ ತಿಂಗಳು ಹತ್ತನೇ ದಿನ ಅಂತ 10-7 ಬರದೆ. ಇದಕ್ಕ ಹೆಂಗ ಗೊತ್ತಾತು?"

"ಅತ್ತಿ ಮಾತಾಡಾಕತ್ತಾಳ್ರಿ ಕಾಕಾ," ಎಂದಳು ಮನೀಷಾ.

ಸಭೆಯೆಲ್ಲ ನಕ್ಕಿತು. ಅವನು ಅಕ್ಟೋಬರ್ ಎರಡು ಎಂದು ತಿದ್ದಿ ಒತ್ತಿದ. "ಬರಕೊಂಡೆ" ಎಂದು ಬಂತು. ಕಾಗದದ ಕಟ್ಟು ಚೀಲದಿಂದ ಹೊರಗೆ ಬರಲಿಲ್ಲ.

ಮುಂದಿನ ಸರದಿ ನನ್ನದಿತ್ತು. ಐದು ಮರಿಗಳ ಹೆಸರನ್ನೂ ನಾನೇ ಬರೆದೆ. ಯಾರೂ ಅವಸರ ಮಾಡಲಿಲ್ಲ.