ಮೊದಲ ದೋಸೆ ಹಾಯ್ಗುಳಿಗೆ

ನಾಸಿಕದ ಪಂಚವಟಿಯಲ್ಲಿ ದೇವರಿಗೆ ಬರವಿಲ್ಲ. ಆಟೋ ಹಿಂದಕ್ಕೆ ತೆಗೆದರೆ ಒಂದು ಗುಡಿಗೆ ತಾಗುತ್ತದೆ, ಮುಂದಕ್ಕೆ ತೆಗೆದರೆ ಇನ್ನೊಂದಕ್ಕೆ. ಇಂಥ ಊರಿಗೆ ಭುಜಂಗ ಹೊಳ್ಳರ ತಂದೆ ಕುಂದಾಪುರದ ಕಡೆಯಿಂದ ಹೋಟೆಲು ಹಾಕಲು ಬರುವಾಗ ಟ್ರಂಕಿನಲ್ಲಿ ಇನ್ನೊಬ್ಬ ದೇವರನ್ನು ಇಟ್ಟುಕೊಂಡು ಬಂದರು. ಗೋದಾವರಿಗೆ ಕೊಡಪಾನದಲ್ಲಿ ನೀರು ಹೊತ್ತು ತಂದ ಹಾಗೆ. ಬಂದವನಾದರೂ ಸಾಧು ದೇವರೇ? ಹಾಯ್ಗುಳಿ. ಮನೆತನದ ದೈವ, ಮೂಗಿನ ತುದಿಯಲ್ಲೇ ಸಿಟ್ಟು. ಊರಲ್ಲಿ ಬಿಟ್ಟು ಬಂದರೆ ಮುನಿಯುತ್ತಾನೆ, ಮನೆಯೊಳಗೆ ಕೂರಿಸಿದರೆ ಮನೆಯವರ ಬೆವರಿಳಿಸುತ್ತಾನೆ ಎಂದು ಯೋಚಿಸಿದ ಹಿರಿಯ ಹೊಳ್ಳರು, ಟವೆಲಿನಲ್ಲಿ ಸುತ್ತಿ ತಂದ ಆ ಕರಿಕಲ್ಲನ್ನು ಹೋಟೆಲಿನ ಹಿತ್ತಲಲ್ಲಿ, ಪಾತ್ರೆ ತೊಳೆಯುವ ಜಾಗದ ಆಚೆ, ಅತ್ತಿಮರದ ಬುಡದಲ್ಲಿ ನೆಟ್ಟರು. ತೀರ ದೂರವೂ ಅಲ್ಲ, ತೀರ ಹತ್ತಿರವೂ ಅಲ್ಲ. ಬೀಗರನ್ನು ಇಡುವ ಹಾಗೆ.

ಅವನಿಗೆ ಸಲ್ಲುವ ಪೂಜೆಯೆಂದರೆ ದಿನದ ಮೊದಲ ದೋಸೆ. ದೋಸೆ ಹೊಯ್ದವರಿಗೆಲ್ಲ ಗೊತ್ತು, ಕಬ್ಬಿಣದ ಕಾವಲಿಯ ಮೇಲೆ ಮೊದಲನೆಯದು ಸರಿಯಾಗಿ ಏಳುವುದಿಲ್ಲ. ಒಂದು ಕಡೆ ಕರಕಲು, ಇನ್ನೊಂದು ಕಡೆ ಹಸಿ, ನಡುವೆ ಹರಕು. ಗಿರಾಕಿಗೆ ಕೊಡುವಂತಿಲ್ಲ. ದೇವರ ಕೋಣೆಯ ಕೃಷ್ಣನಿಗಂತೂ ತೋರಿಸುವಂತೆಯೇ ಇಲ್ಲ. ಹಿರಿಯ ಹೊಳ್ಳರು ಒಂದು ದಿನ ಅದನ್ನು ಒಯ್ದು ಕಲ್ಲಿನ ಮುಂದೆ ಇಟ್ಟರು. ಹಾಯ್ಗುಳಿ ಬೇಡ ಅನ್ನಲಿಲ್ಲ. ಸಂಪ್ರದಾಯಗಳು ಶುರುವಾಗುವುದಕ್ಕೆ ಇಷ್ಟು ಸಾಕು.

ಭುಜಂಗ ಹೊಳ್ಳರು ಈ ಸಂಪ್ರದಾಯವನ್ನು ತಪ್ಪದೆ ನಡೆಸುತ್ತಿದ್ದರು, ಆದರೆ ಯಾರಿಗೂ ಹೇಳುತ್ತಿರಲಿಲ್ಲ. ಹೇಳಿಕೊಳ್ಳಲು ಅವರ ಸ್ಥಾನಮಾನವೂ ಬಿಡುವಂತಿರಲಿಲ್ಲ. ಅವರು ಕನ್ನಡ ಸಂಘದ ಉಪಾಧ್ಯಕ್ಷರು. ಪ್ರತಿ ರಾಜ್ಯೋತ್ಸವಕ್ಕೆ ಜರಿಯಂಚಿನ ಪಂಚೆ ಉಟ್ಟು, "ಸಾತ್ವಿಕ ಭಕ್ತಿ ಮತ್ತು ತಾಮಸ ಭಕ್ತಿ" ಎಂಬ ಒಂದೇ ಭಾಷಣವನ್ನು ಬೇರೆ ಬೇರೆ ಹೆಸರಿನಲ್ಲಿ ಮಾಡುತ್ತಿದ್ದರು. ಕ್ಷುದ್ರ ದೇವತೆಗಳನ್ನು ಪೂಜಿಸುವುದು ಅಜ್ಞಾನ ಎಂಬ ಸಾಲು ಬಂದಾಗ ಮೇಜಿನ ಮೇಲೆ ಬೆರಳಿನಿಂದ ಕುಟ್ಟುವುದು ವಾಡಿಕೆ. ಆ ಬೆರಳಿಗೆ ಬೆಳಗಿನ ಕರಕಲು ಅಂಟಿರುತ್ತಿತ್ತು ಎಂದು ಹೆಂಡತಿ ವಸಂತಿ ಹೇಳುತ್ತಾರೆ. ಹೆಂಡಂದಿರ ಮಾತನ್ನು ಪೂರ್ತಿ ನಂಬಬೇಕಿಲ್ಲ.

ಹೊಳ್ಳರಿಗೆ ಒಬ್ಬಳೇ ಮಗಳು, ಹರ್ಷಿಣಿ. ಅವಳು ಹೋಟೆಲಿನ ಗಲ್ಲಾದ ಮೇಲೆ ಕೂರಬೇಕು ಎಂಬುದು ಅವರ ಆಸೆ. ಅವಳು ಹೋಗಿ ಸೇರಿದ್ದು ಛತ್ರಪತಿ ಸಂಭಾಜಿನಗರದ ಒಂದು ಪುಟ್ಟ ಕಂಪನಿಯನ್ನು. ಅಲ್ಲಿ ಕಂಪ್ಯೂಟರಿನಲ್ಲಿ ಆಡುವ ಆಟಗಳನ್ನು ತಯಾರಿಸುತ್ತಾರೆ. ಆಟಕ್ಕೊಂದು ಲೋಕ ಬೇಕು, ಲೋಕಕ್ಕೆ ಬೆಟ್ಟ, ಕಡಲು, ರಾಜ, ದೇವರು ಎಲ್ಲ ಬೇಕು. ಅವನ್ನೆಲ್ಲ ಕಲ್ಪಿಸಿ ಬರೆಯುವುದು ಹರ್ಷಿಣಿಯ ಕೆಲಸ. ಮಗಳು ಏನು ಮಾಡುತ್ತಿದ್ದಾಳೆ ಎಂದು ಯಾರಾದರೂ ಕೇಳಿದರೆ ಹೊಳ್ಳರು "ಸೃಷ್ಟಿ ವಿಭಾಗದಲ್ಲಿದ್ದಾಳೆ" ಎನ್ನುತ್ತಿದ್ದರು. ಕೇಳಿದವರು ಅದು ಸರಕಾರಿ ಇಲಾಖೆ ಎಂದು ತಿಳಿದು ಸುಮ್ಮನಾಗುತ್ತಿದ್ದರು.

ಆ ಶುಕ್ರವಾರ ಸಂಜೆ ಹರ್ಷಿಣಿ ವೈಜಾಪುರದ ದಾರಿಯ ಬಸ್ಸಿನಲ್ಲಿ ಮನೆಗೆ ಬಂದಾಗ ಮುಖ ಬಾಡಿತ್ತು. ವಿಷಯ ಇಷ್ಟೇ. ಅವಳ ಲೋಕದಲ್ಲಿ ಆರು ಮಂದಿ ಬೆಳಕಿನ ದೇವರು, ಒಬ್ಬ ಕತ್ತಲೆಯ ದೇವರು. ಆ ಕತ್ತಲೆಯವನ ಹೆಸರು ಉಝಾರ್. ದೋಣಿ ಮುಳುಗಿಸುತ್ತಾನೆ, ಬೆಳೆ ಒಣಗಿಸುತ್ತಾನೆ, ಕರೆಯದಿದ್ದರೂ ಬರುತ್ತಾನೆ. ಕಡಲ ದಂಡೆಯ ಒಂದು ಊರಿಗೆ ಊರೇ ಅವನನ್ನು ಪೂಜಿಸುತ್ತದೆ. ಇಡೀ ಆಟ ನಿಂತಿರುವುದು ಆ ಊರಿನ ಮೇಲೆ. ಅವಳ ಮೇಲಧಿಕಾರಿ ಮೃಣಾಲಿನಿ ಎಲ್ಲವನ್ನೂ ಓದಿ, ಇಂಥವನನ್ನು ಜನ ಯಾಕಾದರೂ ಪೂಜಿಸುತ್ತಾರೆ ಎಂದು ಕೇಳಿದ್ದರು. ಸೋಮವಾರದೊಳಗೆ ನಂಬುವಂಥ ಒಂದು ಕಾರಣ ಸಿಗದಿದ್ದರೆ ಉಝಾರ್‌ನನ್ನೂ ಅವನ ಊರನ್ನೂ ತೆಗೆದುಹಾಕುವುದು, ಕಥೆಯನ್ನು ಬೇರೆಯವರಿಗೆ ಒಪ್ಪಿಸುವುದು. ಕಥೆ ಹೋದರೆ ಹರ್ಷಿಣಿಗೂ ಅಲ್ಲಿ ಕೆಲಸ ಉಳಿಯುವುದಿಲ್ಲ.

"ಪಪ್ಪಾ, ಒಂದು ಗಾವ್ ತುಂಬ ಲೋಕರು ಇಂಥ ದೇವರಿಗೆ ಕಾ ಪೂಜೆ ಮಾಡ್ತಾರೆ?" ಎಂದಳು. ಅವಳ ಕನ್ನಡವೇ ಹಾಗೆ. ವಾಕ್ಯ ಕನ್ನಡದಲ್ಲಿ ಬಸ್ಸು ಹತ್ತಿ ಮರಾಠಿಯ ಸ್ಟಾಪಿನಲ್ಲಿ ಇಳಿಯುತ್ತದೆ.

ಹೊಳ್ಳರ ಮನಸ್ಸಿನಲ್ಲಿ ಎರಡು ದೀಪ ಒಟ್ಟಿಗೆ ಹೊತ್ತಿದವು. ಒಂದು, ತಮ್ಮ ಭಾಷಣದ ವಿಷಯದ ಮೇಲೆಯೇ ಪ್ರಶ್ನೆ ಬಂದಿದೆ. ಇನ್ನೊಂದು, ಉತ್ತರ ಸಿಗದಿದ್ದರೆ ಮಗಳು ಗಲ್ಲಾಕ್ಕೆ ಬರುತ್ತಾಳೆ. ಸಾತ್ವಿಕರಾದ್ದರಿಂದ ಎರಡನೆಯ ದೀಪವನ್ನು ಅವರು ಕೈ ಅಡ್ಡ ಹಿಡಿದು ಮರೆಮಾಡಿದರು. ಆದರೆ ಮರುದಿನ ಬೆಳಿಗ್ಗೆ ಮೇನ್ ರೋಡಿಗೆ ಹೋಗಿ ಗಲ್ಲಾದ ಕುರ್ಚಿಗೆ ಹೂವಿನ ಚಿತ್ತಾರದ ಒಂದು ಮೆತ್ತೆ ಕೊಂಡು ತಂದರು.

"ಹೆದ್ರಿಕೆ ಮಾರಾಯ್ತಿ, ಮತ್ತೆಂತ" ಎಂದು ಮೊದಲ ಉತ್ತರ ಕೊಟ್ಟರು. ಹರ್ಷಿಣಿ ಫೋನು ಮಾಡಿದಳು. ಹೆದರಿದವರು ಓಡಿಹೋಗುತ್ತಾರೆ, ಹೂ ಹಿಡಿದುಕೊಂಡು ಮತ್ತೆ ಮತ್ತೆ ಬರುವುದಿಲ್ಲ ಎಂದರು ಮೃಣಾಲಿನಿ. ಹೊಳ್ಳರು ದುರಾಸೆ ಎಂದರು. ದುರಾಸೆಯವರು ಊರಿಗೆ ನಾಲ್ಕು ಜನ ಇರಬಹುದು, ಅಜ್ಜಿಯರೂ ಮಕ್ಕಳೂ ಯಾಕೆ ಬರುತ್ತಾರೆ ಎಂಬ ಮರುಪ್ರಶ್ನೆ ಬಂತು. ಕೊನೆಗೆ ಹೊಳ್ಳರು ಗಂಟಲು ಸರಿಮಾಡಿಕೊಂಡು ಅಜ್ಞಾನದ ಮೇಲೆ ಇಡೀ ಭಾಷಣವನ್ನೇ ಮಾಡಿದರು, ಬೆರಳು ಕುಟ್ಟುವುದರ ಸಮೇತ. ಬೆಳ್ಳುಳ್ಳಿ ಸುಲಿಯುತ್ತಿದ್ದ ವಸಂತಿ ತಲೆ ಎತ್ತದೆ, "ನಿಮ್ ಭಾಷಣ ಕೇಂಡ್ರೆ ಹಾಯ್ಗುಳಿಯೂ ಎದ್ದ್ ಹೋತ" ಎಂದರು. ಹರ್ಷಿಣಿ ಆ ಸಲ ಫೋನು ಮಾಡುವ ಗೋಜಿಗೇ ಹೋಗಲಿಲ್ಲ. ಮಹಡಿಯ ಮೆಟ್ಟಿಲ ಮೇಲೆ ಮೊಣಕಾಲಿಗೆ ಗಲ್ಲ ಊರಿ ಕೂತುಬಿಟ್ಟಳು. ಸಣ್ಣವಳಿದ್ದಾಗ ಪರೀಕ್ಷೆ ಕೆಟ್ಟರೆ ಹೀಗೆಯೇ ಕೂರುತ್ತಿದ್ದಳು. ಹೊಳ್ಳರು ಅದನ್ನು ನೋಡಿ ಸ್ವಲ್ಪ ಮರುಗಿದರು, ಸ್ವಲ್ಪ ಹಿಗ್ಗಿದರು. ಮೆತ್ತೆಯನ್ನು ಇನ್ನೊಮ್ಮೆ ತಟ್ಟಿ ನೋಡಿದರು.

ಭಾನುವಾರ ಹೋಟೆಲಿನಲ್ಲಿ ಹೊಸ ಕಾವಲಿಯ ಉದ್ಘಾಟನೆ. ಬರಲಿರುವ ಕುಂಭಮೇಳದ ಜನಸಂದಣಿಗೆಂದು ಹೊಳ್ಳರು ತರಿಸಿದ ವಿದ್ಯುತ್ ಕಾವಲಿ ಅದು. ಕನ್ನಡಿಯಂತೆ ಹೊಳೆಯುತ್ತಿತ್ತು, ಎಷ್ಟು ಕಾದಿದೆ ಎಂದು ಕೆಂಪು ಅಂಕಿಗಳಲ್ಲಿ ತಾನೇ ಹೇಳುತ್ತಿತ್ತು. ಸಂಘದ ಕಾರ್ಯದರ್ಶಿ, ಬೀದರ್ ಕಡೆಯ ಗುರುಲಿಂಗಪ್ಪನವರು ಮುಖ್ಯ ಅತಿಥಿಗಳು. ಇಗತಪುರಿಯ ಶಶಿಕಾಂತ ಹೋಟೆಲಿನ ದೋಸೆ ಹೊಯ್ಯುವವ. ಅಂದು ತಲೆಗೆ ಹೊಸ ಟೋಪಿ ಹಾಕಿಕೊಂಡು ವರನ ಹಾಗೆ ನಿಂತಿದ್ದ. ಹೊಳ್ಳರ ಜೇಬಿನಲ್ಲಿ ಸಣ್ಣ ಭಾಷಣವಿತ್ತು. ಊದುಬತ್ತಿ ಹಚ್ಚಿದ್ದಾಯಿತು, ತೆಂಗಿನಕಾಯಿ ಒಡೆದದ್ದಾಯಿತು. ಶಶಿಕಾಂತ ಮೊದಲ ಸೌಟು ಹಿಟ್ಟು ಹೊಯ್ದ.

ದೋಸೆ ಎದ್ದಿತು. ಅಂಚಿನಿಂದ ಅಂಚಿಗೆ ಒಂದೇ ಹೊಂಬಣ್ಣ, ಒಂದು ಕಲೆಯಿಲ್ಲ, ಒಂದು ಹರಕಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ಹೊಳ್ಳರ ಮುಖ ಮಾತ್ರ ಇಳಿಯಿತು. ಇದು ಮೊದಲ ದೋಸೆ. ಸಲ್ಲಬೇಕಾದಲ್ಲಿಗೆ ಸಲ್ಲಬೇಕು. ತಟ್ಟೆ ಹಿಡಿದು ಹಿತ್ತಲ ಬಾಗಿಲವರೆಗೆ ಹೋದರು, ನಿಂತರು, ಹಿಂದೆ ಬಂದರು. ಯಾಕೋ ಕಾಲು ಮುಂದೆ ಹೋಗಲಿಲ್ಲ. ಬನಿಯನ್ನಿನಲ್ಲಿ ಕೂತು ಕಷ್ಟಸುಖ ಹೇಳಿಕೊಳ್ಳುವ ಗೆಳೆಯನ ಮನೆಗೆ ಸೂಟು ಹಾಕಿಕೊಂಡು ಹೊರಟ ಹಾಗೆ ಅನಿಸಿತು. ಎಲ್ಲರೂ ನೋಡುತ್ತಿದ್ದಾರೆ. ವಿಷಯ ಬಾಯಿಬಿಡಲೇಬೇಕಾಯಿತು. ಹಿತ್ತಲಲ್ಲಿ ಒಬ್ಬನಿದ್ದಾನೆ, ಅವನಿಗೆ ಕೊಡುವ ಪದ್ಧತಿ, ಹಿರಿಯರದು, ನಂಬಿಕೆ ಅಂತೇನಲ್ಲ ಎಂದು ತೊದಲಿದರು.

ಗುರುಲಿಂಗಪ್ಪನವರ ಕಣ್ಣು ದೋಸೆಯ ಮೇಲೆಯೇ ಇತ್ತು. "ಇಷ್ಟು ಛಲೋ ಆಗ್ಯಾದ, ದೆವ್ವಕ್ಕ ಯಾಕ ಕೊಡ್ತೀರಿ ಹೊಳ್ಳರ? ನನಗ ಕೊಡ್ರಿ. ನಾನೂ ಸಿಟ್ಟಿನ ಮನಷ್ಯಾನ ಇದ್ದೀನಿ" ಎಂದರು.

ಹೊಳ್ಳರು ದೋಸೆಯನ್ನು ಅವರಿಗೆ ಕೊಟ್ಟುಬಿಟ್ಟರು. ಆಮೇಲೆ ಶಶಿಕಾಂತನ ಕೈಯಿಂದ ಸೌಟು ಕಿತ್ತುಕೊಂಡು, ಜರಿಪಂಚೆಯನ್ನು ಮೇಲಕ್ಕೆ ಸಿಕ್ಕಿಸಿ, ತಾವೇ ಒಂದು ದೋಸೆ ಹೊಯ್ದು ಅಂಕಿಯನ್ನು ಏರಿಸುತ್ತ ಹೋದರು. ಕಾವಲಿಗೆ ಸುಡುವುದು ಗೊತ್ತಿರಲಿಲ್ಲ, ಕಲಿಸಬೇಕಾಯಿತು. ಹೊಗೆ ಎದ್ದಿತು. ಶಶಿಕಾಂತ "ಅಣ್ಣಾ, ಕಾಯ್ ಕರ್ತಾಯ್", ಏನು ಮಾಡ್ತಿದ್ದೀರಿ, ಎಂದು ತನ್ನ ಮಗುವಿಗೆ ಯಾರೋ ಹೊಡೆಯುತ್ತಿರುವಂತೆ ನರಳಿದ. ಒಂದು ಕಡೆ ಕರಕಲು, ಒಂದು ಕಡೆ ಹಸಿ ಆದಾಗ ಹೊಳ್ಳರು ಅದನ್ನು ಹರಿದ ಹಾಗೆಯೇ ಕೆರೆದು ತೆಗೆದು ಹಿತ್ತಲಿಗೆ ನಡೆದರು. ಭಾಷಣ ಜೇಬಿನಲ್ಲೇ ಉಳಿಯಿತು.

ಹರ್ಷಿಣಿ ಹಿಂದೆಯೇ ಬಂದಳು. ಅಪ್ಪ ದೋಸೆಯನ್ನು ಕಲ್ಲಿನ ಮುಂದಿಟ್ಟು, ಪಾತ್ರೆ ತೊಳೆಯುವ ಕಟ್ಟೆಯ ಮೇಲೆ ಉಸ್ಸೆಂದು ಕೂರುವುದನ್ನು ನೋಡಿದಳು. ಕೂತ ರೀತಿ ನೋಡಿದರೆ ಅದು ಬಹಳ ದಿನದ ಜಾಗ ಅನ್ನುವಂತಿತ್ತು. ಒಳ್ಳೆಯ ದೋಸೆ ಬಿಟ್ಟು ಸುಟ್ಟದ್ದೇ ಯಾಕೆ ಎಂದು ಕೇಳಿದಳು.

ಹೊಳ್ಳರಿಗೆ ಭಾಷಣದ ಸಾಲು ಒಂದೂ ನೆನಪಾಗಲಿಲ್ಲ. "ಅಜ್ಜಿ ತೀರ್ಹೋದ್ ವರ್ಷ ನೆನ್ಪಿತ್ತಾ?" ಎಂದರು.

ನೆನಪಿತ್ತು. ಲಾಕ್‌ಡೌನಿನ ವರ್ಷ. ಕುಂದಾಪುರದಲ್ಲಿ ಹೊಳ್ಳರ ಅಮ್ಮ ತೀರಿಕೊಂಡಾಗ ಗಡಿ ದಾಟಲು ಬಿಟ್ಟಿರಲಿಲ್ಲ. ಚಿತೆಯನ್ನು ಅವರು ಫೋನಿನ ಪರದೆಯಲ್ಲಿ ನೋಡಿದ್ದರು, ಅದೂ ನಡುವೆ ಸಿಕ್ಕಿಕೊಂಡು ನಿಂತಿತ್ತು. ಆಮೇಲೆ ಸೂತಕ. ಸೂತಕದವನು ದೇವರ ಕೋಣೆಯ ಹೊಸ್ತಿಲು ದಾಟುವಂತಿಲ್ಲ, ದೀಪ ಹಚ್ಚುವಂತಿಲ್ಲ. ಪಂಚವಟಿಯ ಗುಡಿಗಳಿಗೆಲ್ಲ ಬೀಗ. ಇಷ್ಟೊಂದು ದೇವರಿರುವ ಊರಿನಲ್ಲಿ ಒಬ್ಬನೂ ಬಾಗಿಲು ತೆರೆದಿರಲಿಲ್ಲ.

"ನೀವು ಆಗ ಹಿತ್ತಲಿಗೆ ಬೀಡಿ ಸೇದೋಕೆ ಹೋಗ್ತೀರಿ ಅಂತ ಮಮ್ಮಿ ಹೇಳ್ತಿದ್ಲು" ಎಂದಳು ಹರ್ಷಿಣಿ.

"ಬೀಡಿಯೂ ಇತ್ತ್" ಎಂದು ಹೊಳ್ಳರು ಒಪ್ಪಿಕೊಂಡರು. "ಕೃಷ್ಣನ ಎದ್ರ್ ಹೋಯ್ಕಾರೆ ಮೀಯ್ಕ್, ಮಡಿ ಉಡ್ಕ್, ಮನ್ಸೂ ತೊಳ್ಕಂಡ್ ಹೋಯ್ಕ್. ನನ್ ಬಾಯಲ್ಲಿ ಬರೀ ಬೈಗುಳ. ಸೂತಕ ಕಳ್ದ್ ಮೇಲೂ ಬೈಗುಳ ಹೋಯ್ಲಿಲ್ಲೆ."

"ಮಗ್?" ಎಂದಳು ಅವಳು. ಆಮೇಲೆ ಏನು ಎಂದು. ಮೆಟ್ಟಿಲ ಮೇಲೆ ಮೊಣಕಾಲಿಗೆ ಗಲ್ಲ ಊರಿ ಕೂತಿದ್ದವಳು ಈಗ ಇಡೀ ಮೈಯಲ್ಲಿ ಎಚ್ಚರವಾಗಿದ್ದಳು.

ಆಗ ಹೊಳ್ಳರಿಗೆ ಹೊಳೆಯಿತು. ಮೃಣಾಲಿನಿ ಕೇಳಿದ್ದ ಕಾರಣ ತಮ್ಮ ನಾಲಗೆಯ ತುದಿಗೆ ಬಂದು ಕೂತಿದೆ. ಉಳಿದದ್ದು ನುಂಗಿಬಿಟ್ಟರೆ ಉಝಾರ್ ಹೋಗುತ್ತಾನೆ, ಮಗಳು ಬರುತ್ತಾಳೆ. ಏನಿಲ್ಲ, ಹಿರಿಯರ ಪದ್ಧತಿ, ಅಜ್ಞಾನ ಎಂದು ಎದ್ದರೆ ಸಾಕು. ಗಲ್ಲಾದ ಮೆತ್ತೆಯ ಹೂವುಗಳು ಕಣ್ಣ ಮುಂದೆ ಬಂದವು. ಭಾಷಣಕ್ಕೆ ನಿಂತಾಗ ಸುಳ್ಳು ಅಷ್ಟೊಂದು ಸಲೀಸಾಗಿ ಬರುವ ಬಾಯಿ ಈ ಕಟ್ಟೆಯ ಮೇಲೆ ಕೂತರೆ ಹಟ ಹಿಡಿಯುತ್ತಿತ್ತು. ಕಲ್ಲಿನ ಕಡೆಗೆ ಒಮ್ಮೆ ದುರುಗುಟ್ಟಿ ನೋಡಿದರು.

"ಇವ್ನ್ ಹತ್ರ ಬಪ್ಪುಕೆ ಒಳ್ಳೆಯವ್ನ್ ಆಯ್ಕ್ ಅಂತ್ ಇಲ್ಲೆ" ಎಂದರು. "ಇವನೇ ಸಿಟ್ಟಿನವ, ನಮ್ ಸಿಟ್ಟ್ ಕಂಡ್ರೆ ಹೇಸುದಿಲ್ಲೆ. ಸೂತಕದವ್ನೂ ಬಪ್ಪುಕಾತ್ತ್, ಮೀಯದವ್ನೂ ಬಪ್ಪುಕಾತ್ತ್. ಸುಟ್ಟದ್ದ್, ಹರ್ದದ್ದ್, ಬೇರೆ ಯಾರಿಗೂ ಬೇಡದ್ದ್, ಇವ್ನಿಗ್ ಆತ್ತ್. ನಾನೂ ಆಗ ಇದ್ದದ್ದ್ ಮೊದಲ್ನೇ ದೋಸೆ ಹಾಂಗೇ."

ಹೆದರಿಕೆ ಇಲ್ಲವೇ ಎಂದು ಹರ್ಷಿಣಿ ಮೆಲ್ಲಗೆ ಕೇಳಿದಳು.

"ಇತ್ತ್. ಈಗಳೂ ಇತ್ತ್. ಹೆದ್ರಿಕೆ ಇದ್ದದ್ದಕ್ಕೇ ಇವ್ನ್ ಎದ್ರ್ ಸುಳ್ಳ್ ಹೇಳುಕಾತಿಲ್ಲೆ ಕಾಣ್."

ಅವಳು ಕಟ್ಟೆಯ ಮೇಲೆ ಪಕ್ಕದಲ್ಲಿ ಕೂತು ಅಪ್ಪನ ಪಂಚೆಯ ಜರಿಗೆ ಮೆತ್ತಿದ್ದ ಹಿಟ್ಟನ್ನು ಉಗುರಿನಿಂದ ಕೆರೆದು ತೆಗೆಯತೊಡಗಿದಳು. ಒಂದು ಕಾಗೆ ಬಂದು ಕರಕಲಿನ ಕಡೆಯಿಂದಲೇ ಶುರುಮಾಡಿತು. ಒಳಗಿನಿಂದ ಗುರುಲಿಂಗಪ್ಪನವರು ಇನ್ನೊಂದು ದೋಸೆ ಕೇಳುತ್ತಿರುವುದು ಕೇಳಿಸಿತು.

ಸೋಮವಾರ ಬೆಳಗಿನ ಬಸ್ಸಿಗೆ ಅವಳು ಹೊರಟಳು. ಮಧ್ಯಾಹ್ನ ಊಟದ ಗಿರಾಕಿಗಳ ಗದ್ದಲದಲ್ಲಿ ಫೋನು ಬಂತು. ಉಝಾರ್ ಉಳಿದ. ಮೃಣಾಲಿನಿ ಓದಿ ತಮ್ಮ ಅಜ್ಜಿಯ ಊರಿನ ಒಂದು ದೇವಿಯ ವಿಷಯ ಹೇಳಿದರಂತೆ. ಈಗ ಆ ಕಡಲ ದಂಡೆಯ ಊರಿನವರು, ಬೆಳಕಿನ ಆರು ದೇವರ ಗುಡಿಗೆ ಹೋಗಲಾಗದ ದಿನ, ಮುಳುಗಿದ ದೋಣಿಯ ಹಲಗೆ, ಹರಿದ ಬಲೆ, ಸುಟ್ಟ ರೊಟ್ಟಿ ಹಿಡಿದುಕೊಂಡು ಉಝಾರ್ ಇರುವ ಬಾವಿಯ ಹತ್ತಿರ ಹೋಗಿ ಬೈದು ಬರುತ್ತಾರೆ. ಅವನು ಕೇಳಿಸಿಕೊಳ್ಳುತ್ತಾನೆ. ಕಥೆ ಬರೆದು ಮುಗಿಸಲು ಇನ್ನೊಂದು ವರ್ಷ ಬೇಕು, ಅಲ್ಲಿಯವರೆಗೆ ಅವಳಿಗೆ ನಾಸಿಕಕ್ಕೆ ಬಂದು ಕೂರಲು ಬಿಡುವಿಲ್ಲ.

ಹೊಳ್ಳರು ಎಲ್ಲ ಕೇಳಿ, ರೊಟ್ಟಿ ಯಾಕೆ, ದೋಸೆ ಎಂದು ಬರೆಯಬಹುದಿತ್ತಲ್ಲ ಎಂದಷ್ಟೇ ಆಕ್ಷೇಪಿಸಿದರು. ಆ ಲೋಕದಲ್ಲಿ ಅಕ್ಕಿ ಬೆಳೆಯುವುದಿಲ್ಲವಂತೆ. ಫೋನು ಇಟ್ಟು ಗಲ್ಲಾದ ಹೂವಿನ ಮೆತ್ತೆಯ ಮೇಲೆ ತಾವೇ ಕೂತರು. ಮೆತ್ತಗಿತ್ತು, ಅದರಿಂದಲೇ ಇನ್ನಷ್ಟು ಸಂಕಟವಾಯಿತು. ವಸಂತಿ ಬಂದು ನೋಡಿ ಒಂದು ಕಾಫಿ ಇಟ್ಟು ಹೋದರು.

ಮಂಗಳವಾರ ಬೆಳಿಗ್ಗೆ ಶಶಿಕಾಂತ ಬರುವ ಮೊದಲೇ ಹೊಳ್ಳರು ಕಾವಲಿ ಕಾಯಿಸಿದರು. ಸ್ನಾನ ಆಗಿರಲಿಲ್ಲ, ಗಡ್ಡ ಹೆರೆದಿರಲಿಲ್ಲ. ಅಂದಿನ ದೋಸೆ ಎಂದಿಗಿಂತ ಹೆಚ್ಚು ಕರಕಲಾಯಿತು. ಅದನ್ನು ಅತ್ತಿಮರದ ಬುಡಕ್ಕೆ ಒಯ್ದು ಕಲ್ಲಿನ ಮುಂದೆ ಇಟ್ಟು, "ನಿನ್ನಿಂದಲೇ ಆದ್ದ್ ಇದೆಲ್ಲ, ಗೊತ್ತಾಯ್ತಾ?" ಎಂದು ಶುರುಮಾಡಿದವರು, ಕುಂದಾಪುರದ ಕನ್ನಡ ಮುಗಿದ ಮೇಲೆ ಮರಾಠಿಯಲ್ಲೂ ಅದು ಮುಗಿದ ಮೇಲೆ ಹಿಂದಿಯಲ್ಲೂ ಬೈದು, ಮೊದಲ ಗಿರಾಕಿ ಬರುವ ಹೊತ್ತಿಗೆ ಹಗುರಾಗಿ ಒಳಗೆ ಬಂದರು.