ಅಪ್ಪ ನೋಡಿದ ಸೇಡಿನ ಧಾರಾವಾಹಿ

ಅಪ್ಪ ಕಾಲು ಮುರಿದುಕೊಂಡು ಹಾಸಿಗೆ ಹಿಡಿದಾಗ ಅವನ ಕೈಗೆ ಮೊಬೈಲ್ ಕೊಟ್ಟವನು ನಾನೇ. ಆ ತಪ್ಪನ್ನು ಬೇರೆ ಯಾರ ತಲೆಗೂ ಕಟ್ಟಲಾರೆ.

ನಮ್ಮ ಮಗ್ಗದ ಶೆಡ್ಡಿನ ಮೆಟ್ಟಿಲಲ್ಲಿ ಜಾರಿ ಬಿದ್ದು, ಜಮಖಂಡಿಗೆ ಹೋಗಿ ಪ್ಲಾಸ್ಟರ್ ಹಾಕಿಸಿಕೊಂಡು ಬಂದಿದ್ದ. ಆರು ವಾರ ಅಲುಗಾಡುವಂತಿಲ್ಲ ಎಂದಿದ್ದರು ಡಾಕ್ಟರು. ಎರಡನೇ ದಿನಕ್ಕೇ ನನ್ನ ಹೆಂಡತಿಯ ಜೀವ ಹಿಂಡಲು ಶುರು ಮಾಡಿದ. ಚಹಾಕ್ಕೆ ಸಕ್ಕರೆ ಕಡಿಮೆ, ರೊಟ್ಟಿ ದಪ್ಪ, ಪಕ್ಕದ ಶೆಡ್ಡಿನ ಮಗ್ಗದ ಸದ್ದೇ ಸರಿಯಿಲ್ಲ. ನನಗೆ ತಲೆ ಚಿಟ್ಟು ಹಿಡಿದು ಹೋಯಿತು. ಹೊಸದಾಗಿ ಬಂದಿದ್ದ ಒಂದು ವೆಬ್ ಸೀರೀಸ್ ಹಚ್ಚಿ ಮೊಬೈಲನ್ನು ಅವನ ದಿಂಬಿನ ಪಕ್ಕ ಇಟ್ಟೆ. ನಮ್ಮ ಕಡೆಯ ಮಾತಿದೆ, ಕಬ್ಬಿನ ಹೊಲಗಳಿವೆ ಎಂದು ಯಾರೋ ಹೇಳಿದ್ದರು. ಕತೆ ಏನೆಂದು ಕೇಳುವ ವ್ಯವಧಾನ ನನಗಿರಲಿಲ್ಲ.

ತಂದೆಯನ್ನು ಕೊಂದವನಿಗಾಗಿ ಕಾದು ಕೂತ ಮಗನ ಕತೆ ಅದು.

ಓದುವವರಿಗೆ ಈಗಲೇ ಹೇಳಿಬಿಡುತ್ತೇನೆ. ನನ್ನ ಅಪ್ಪ ಒಬ್ಬನನ್ನು ಕೊಂದಿದ್ದಾನೆ. ಇಪ್ಪತ್ತು ವರ್ಷಕ್ಕೂ ಹಿಂದೆ, ಸಾವಳಗಿ ಹತ್ತಿರದ ನಮ್ಮ ಹೊಲದಲ್ಲಿ, ನೀರಿನ ಪಾಳಿಯ ಜಗಳದಲ್ಲಿ, ತನ್ನ ದೊಡ್ಡಪ್ಪನ ಮಗನನ್ನೇ, ಗುದ್ದಲಿಯ ಒಂದೇ ಏಟಿಗೆ. ಶಿಕ್ಷೆ ಆಯಿತು, ಅನುಭವಿಸಿದ, ಬಂದ. ಅಷ್ಟರಲ್ಲಿ ಅವ್ವ ತೀರಿಕೊಂಡಿದ್ದಳು. ಊರಲ್ಲಿ ತಲೆ ಎತ್ತಿ ಓಡಾಡಲಾಗದೆ ಬನಹಟ್ಟಿಗೆ ಬಂದು ನನ್ನ ಮನೆ ಸೇರಿದ. ನನಗೆ ಅಪ್ಪನ ಮೇಲೆ ಪ್ರೀತಿ ಇದೆ. ಅದನ್ನು ಹೇಳಿಕೊಳ್ಳಲು ನಾಚಿಕೆಯೂ ಇದೆ.

ಅವನು ಜೈಲಿನಿಂದ ಬಂದ ವರ್ಷ ಹಿರಿಯರು ಬೀರಪ್ಪನ ಗುಡಿಯಲ್ಲಿ ಎರಡೂ ಮನೆಯವರನ್ನು ರಾಜಿಗೆ ಕೂರಿಸಿದರು. ನಮ್ಮಲ್ಲಿ ರಾಜಿ ಎಂದರೆ ಇಷ್ಟೇ: ನೊಂದ ಮನೆಯವನು ದೇವರ ಭಂಡಾರವನ್ನು, ಅಂದರೆ ಅರಿಶಿನದ ಪುಡಿಯನ್ನು, ತಪ್ಪು ಮಾಡಿದವನ ಹಣೆಗೆ ಹಚ್ಚಬೇಕು. ಹಚ್ಚಿದ ಮೇಲೆ ಸೇಡಿನ ಮಾತು ಎತ್ತುವಂತಿಲ್ಲ. ಸತ್ತವನ ಮಗ ಬಂದಿದ್ದ. ಆಗಿನ್ನೂ ಮೀಸೆ ಬಲಿಯುತ್ತಿದ್ದ ವಯಸ್ಸು. ಪೂಜಾರಿ ಕೊಟ್ಟ ಭಂಡಾರವನ್ನು ಅಂಗೈಯಲ್ಲಿ ಹಿಡಿದು ಅಪ್ಪನನ್ನು ಬಹಳ ಹೊತ್ತು ನೋಡಿದ. ಆಮೇಲೆ ಕರ್ಚೀಫು ತೆಗೆದು, ಅದರಲ್ಲಿ ಗಂಟು ಕಟ್ಟಿ ಜೇಬಿಗಿಳಿಸಿದ. "ಅವ್ವಗ ತೋರಿಸಿ ಬರ್ತೇನ್ರಿ" ಎಂದು ಹೋದವನು ತಿರುಗಿ ಬರಲಿಲ್ಲ.

ಹಿರಿಯರಿಗೆ ಹಸಿವಾಗಿತ್ತು. "ಭಂಡಾರ ತಗೊಂಡ ಹ್ವಾದನಲ್ಲ, ಮುಗೀತ ಬಿಡ್ರಿ" ಎಂದು ಹುಗ್ಗಿ ಊಟಕ್ಕೆ ಕುಳಿತರು. ನಾನೂ ಉಂಡೆ. ಅಪ್ಪ ಮಾತ್ರ ತಾಟು ಮುಟ್ಟಲಿಲ್ಲ. ತೆಗೆದುಕೊಳ್ಳುವುದು ಬೇರೆ, ಹಚ್ಚುವುದು ಬೇರೆ ಎಂದು ಅಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು.

ಆ ಮಗ ಕಳೆದ ದೀಪಾವಳಿಗೆ ಬನಹಟ್ಟಿಗೆ ಬಂದು, ನಮ್ಮ ಓಣಿಯ ತಿರುವಿನಲ್ಲೇ ಮಗ್ಗದ ಬಿಡಿಭಾಗಗಳ ಅಂಗಡಿ ತೆರೆದ. ಇಷ್ಟು ದೊಡ್ಡ ಊರಲ್ಲಿ ಅವನಿಗೆ ಬೇರೆ ಜಾಗ ಸಿಗಲಿಲ್ಲವೇ? ಒಂದು ಲಾಳಿ ಬೇಕಾದರೂ ನಾನು ರಬಕವಿಗೆ ಹೋಗಿ ತರುತ್ತೇನೆ. ಎದುರಿಗೆ ಸಿಕ್ಕರೆ "ಆರಾಮ ಅದೀರೇನ್ ಅಣ್ಣಾ?" ಎಂದು ಕೇಳುತ್ತಾನೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮೊದಲ ಕಂತು ನೋಡುವಾಗ ಅಪ್ಪ ನಗಾಡಿದ. "ಇವ್ರೇನ್ ನಮ್ಮ ಕಡಿ ಮಂದಿಯೇನಲೇ? ರೊಟ್ಟಿ ಮುರಿಯಾಕ ಬರೂದಿಲ್ಲ, ಸೇಡ ತೀರಸ್ತಾರಂತ!" ಎಂದ. ಎರಡನೇ ಕಂತಿಗೆ ನಗು ನಿಂತಿತು. ಆ ಹೊತ್ತಿಗೆ ನಮಗಿಬ್ಬರಿಗೂ ಕತೆ ಯಾವುದೆಂದು ತಿಳಿದಿತ್ತು. ನಾನು ಬೇರೆ ಏನಾದರೂ ಹಚ್ಚಲು ಹೋದರೆ ಮೊಬೈಲನ್ನು ಎದೆಗೆ ಅವುಚಿಕೊಂಡ.

ದಿನಾ ಮಧ್ಯಾಹ್ನ ಊಟವಾದ ಮೇಲೆ ಒಂದು ಕಂತು. ಕತೆಯ ಮಗ, ಕೊಲೆಗಾರನ ಮನೆಯ ಎದುರಿನ ಚಹಾ ಅಂಗಡಿಯಲ್ಲಿ ಕೂತು ಆ ಮುದುಕ ಎಷ್ಟು ಗಂಟೆಗೆ ಏಳುತ್ತಾನೆ, ಯಾರ ಜೊತೆ ಓಡಾಡುತ್ತಾನೆ ಎಂದು ನೋಡುತ್ತಿದ್ದ. ಅಂಥ ಜಾಗ ಬಂದಾಗಲೆಲ್ಲ ಅಪ್ಪ "ಹಿಂದಕ್ಕ ಸರಸು" ಎನ್ನುತ್ತಿದ್ದ. ಮತ್ತೆ ನೋಡುತ್ತಿದ್ದ. ಐದನೇ ಕಂತಿನ ದಿನ ಮಂಚವನ್ನು ಕಿಟಕಿಯಿಂದ ಈಚೆಗೆ ಎಳೆಸಿದ. ಆಮೇಲಾಮೇಲೆ ಬೆಳಿಗ್ಗೆ ಎದ್ದ ಕೂಡಲೇ ನನ್ನ ಹೆಂಡತಿಯನ್ನು ಕರೆದು, "ಅಂವ ಅಂಗಡಿ ತೆಗದಾನೇನ್ ನೋಡಿ ಬಾರವಾ" ಎನ್ನತೊಡಗಿದ. ಅವಳು ಹಾಲು ತರುವ ನೆಪದಲ್ಲಿ ಹೋಗಿ ನೋಡಿ ಬರುತ್ತಿದ್ದಳು. ತೆರೆದಿದ್ದರೆ ಅಪ್ಪ ಸುಮ್ಮನಾಗುತ್ತಿದ್ದ. ಮುಚ್ಚಿದ್ದ ದಿನ ಊಟ ಸೇರುತ್ತಿರಲಿಲ್ಲ. ಅಂಗಡಿಯಲ್ಲಿಲ್ಲದ ಮನುಷ್ಯ ಎಲ್ಲಾದರೂ ಇರಬಹುದಲ್ಲ.

ಎಂಟನೇ ಕಂತಿನಲ್ಲಿ ಆ ಮುದುಕ ಕಬ್ಬಿನ ಹೊಲದ ನಡುವೆ ಒಬ್ಬನೇ ನೀರು ತಿರುವುತ್ತಿರುತ್ತಾನೆ. ಮಗ ಹಿಂದಿನಿಂದ ಬರುತ್ತಾನೆ. ಸಪ್ಪಳಕ್ಕೆ ಮುದುಕ ತಿರುಗುತ್ತಾನೆ. ಒಬ್ಬರನ್ನೊಬ್ಬರು ನೋಡುತ್ತಾರೆ. ಅಲ್ಲಿಗೆ ತೆರೆ ಕಪ್ಪಾಯಿತು.

"ಮುಂದ?" ಎಂದ ಅಪ್ಪ.

"ಮುಂದಿಂದು ಇನ್ನೊಂದ್ ಸೀಸನ್‌ನ್ಯಾಗ ಬರ್ತೈತಿ. ಅಲ್ಲೀತನಾ ಕಾಯಬೇಕು."

ಪ್ಲಾಸ್ಟರ್ ತೆಗೆದರು. ಕೋಲೂರಿ ಶೆಡ್ಡಿನವರೆಗೆ ನಡೆಯಲು ಶುರು ಮಾಡಿದ. ಆದರೂ ದಿನಕ್ಕೊಮ್ಮೆ ಬಂತೇನು, ಬಂತೇನು ಎಂದು ಕೇಳುವುದು ತಪ್ಪಲಿಲ್ಲ. ಒಂದು ದಿನ ನಾನೇ ಹುಡುಕಿ ನೋಡಿದೆ. ಎರಡನೇ ಸೀಸನ್ ಇಲ್ಲವೆಂದು ಮಾಡಿದವರೇ ಹೇಳಿಬಿಟ್ಟಿದ್ದರು. ಮತ್ತೆ ಸ್ವಲ್ಪ ದಿನಕ್ಕೆ ಆ ಎಂಟು ಕಂತುಗಳೂ ಆ್ಯಪಿನಿಂದ ಮಾಯವಾದವು.

"ಬಂದ್ ಮಾಡ್ಯಾರಪಾ" ಎಂದೆ.

"ಯಾಕ?"

"ಮಂದಿ ನೋಡಲಿಲ್ಲಂತ."

"ನಾ ನೋಡಿನಲ್ಲಲೇ!" ಎಂದು ಅಪ್ಪ ಕೂಗಿದ. ಮೊದಲು ನಗು ಬಂತು. ಆಮೇಲೆ ಅವನ ಮುಖ ನೋಡಿ ಹೆದರಿಕೆಯಾಯಿತು. "ಅಂವ ಕೊಂದನೋ, ಬಿಟ್ಟನೋ? ಅದನ್ನರ ಹೇಳಬೇಕಲ್ಲ!"

ಮರುದಿನ ಬೆಳಿಗ್ಗೆ ಅಂಗಿ ತೊಟ್ಟು, ತಲೆಗೆ ಪಟಕಾ ಸುತ್ತಿ, ಕೋಲು ಹಿಡಿದು ಹೊರಟ. ಓಣಿಯ ತಿರುವಿಗೆ ಬಂದು ಆ ಅಂಗಡಿಯ ಮುಂದೆ ನಿಂತ. ನಾನು ಹಿಂದೆಯೇ ಓಡಿದೆ. ಸತ್ತವನ ಮಗ ಹಣದ ಗಲ್ಲೆಯ ಹತ್ತಿರ ಕೂತು ಬೇರಿಂಗುಗಳನ್ನು ಒರೆಸಿಡುತ್ತಿದ್ದ. ನಮ್ಮನ್ನು ಕಂಡು ಎದ್ದು ನಿಂತ.

"ಮೊಬೈಲ್‌ನ್ಯಾಗ ಒಂದ್ ಕತಿ ಬಂದಿತ್ತು" ಎಂದ ಅಪ್ಪ. "ಅಪ್ಪನ್ನ ಕೊಂದಾಂವನ್ನ ಮಗ ಹುಡಕ್ಕೊಂಡ ಬರೂದು. ನೋಡೀಯೇನು?"

"ನೋಡೇನ್ರಿ ಕಾಕಾ. ಎಂಟೂ ನೋಡೇನಿ."

"ಕಡೀಕ ಅಂವ ಏನ್ ಮಾಡ್ತಿದ್ದ ಅಂತೀ?"

ಅವನು ಕೈಯಲ್ಲಿದ್ದ ಬೇರಿಂಗನ್ನು ಇನ್ನೊಮ್ಮೆ ಒರೆಸಿದ. "ನಮ್ಮವ್ವನೂ ಇದನ್ನ ಕೇಳಿದ್ಲ್ರಿ."

"ನೀ ಏನಂದಿ?"

"ಬಿಸಲ ಏರಾಕತ್ತೈತ್ರಿ ಕಾಕಾ. ಮನೀಗಿ ಹೋಗ್ರಿ. ಕಾಲ ಸಂಬಾಳಸ್ರಿ" ಎಂದು ಕೆಳಗಿಳಿದು ಬಂದು, ಗಟಾರು ದಾಟುವಾಗ ಅಪ್ಪನ ರಟ್ಟೆ ಹಿಡಿದುಕೊಂಡ. ಆ ಹಿಡಿತದಲ್ಲಿ ಒರಟುತನವಿರಲಿಲ್ಲ. ಅಪ್ಪ ಅವನ ಕೈಯನ್ನೇ ನೋಡುತ್ತ ದಾಟಿದ.

ಮನೆಗೆ ಬಂದು ಮಂಚದ ಮೇಲೆ ಕೂತ. ಹೆಂಡತಿ ತಂದಿಟ್ಟ ನೀರು ಕುಡಿದು, ಅವಳು ಒಳಗೆ ಹೋಗುವವರೆಗೆ ಕಾದ.

"ತಮ್ಮಾ, ನಂದೇನ್ ಚಿಂತಿಲ್ಲ. ನಾ ಮಾಡಿದ್ದು ನನಗ ಬಂದ್ರ ಬರಲಿ. ಅಂವ ನಾಳೆ ನನಗೇನರ ಮಾಡಿದ್ರ ನೀ ಸುಮ್ನಿರಬೇಕು. ಅವನ ಮ್ಯಾಲ ಕೈ ಎತ್ತಾಂಗಿಲ್ಲ. ಹೂಂ ಅನ್ನು."

ಇಷ್ಟು ದಿನ ಅವನು ತನ್ನ ಜೀವಕ್ಕೆ ಹೆದರಿದ್ದಾನೆ ಎಂದುಕೊಂಡಿದ್ದೆ.

"ಹೂಂ ಅಪ್ಪಾ" ಎಂದೆ.

"ಅಂಗಡಿ ಎಷ್ಟಕ್ಕ ಬಂದ್ ಮಾಡ್ತಾನ ಅಂವ?"

"ಎಂಟೂವರಿಗಿ."

"ಯಾ ಹಾದೀಲೆ ಮನೀಗಿ ಹೋಗ್ತಾನ?"

"ಹಳೇ ಗೋದಾಮಿನ ಹಿಂದಿನ ಹಾದೀಲೆ. ಸೋಮವಾರ ಒಬ್ಬನ ಇರ್ತಾನ, ಉಳಿದ ದಿನ ಜೋಡಿ ಕೆಲಸದಾಂವ..."

ಮಾತು ಅಲ್ಲಿಗೇ ನಿಂತಿತು. ನಾನು ಆ ಹಾದಿಯಲ್ಲಿ ಹೋಗಬೇಕಾದ ಯಾವ ಕೆಲಸವೂ ಇರಲಿಲ್ಲ. ದೀಪಾವಳಿಯಿಂದ ಅವನ ಹಿಂದೆ ಹಿಂದೆ ಎಷ್ಟು ಸಲ ಹೋಗಿದ್ದೆನೋ ನನಗೇ ಲೆಕ್ಕವಿಲ್ಲ. ಯಾಕೆ ಹೋಗುತ್ತಿದ್ದೆ ಎಂದು ಆ ಕ್ಷಣದವರೆಗೂ ನನ್ನನ್ನು ನಾನು ಕೇಳಿಕೊಂಡಿರಲಿಲ್ಲ.

ಅಪ್ಪ ಬೈಯುತ್ತಾನೆ, ಕೋಲು ಎತ್ತುತ್ತಾನೆ ಎಂದು ಕಾದೆ. ಅವನು ನನ್ನ ಎರಡೂ ಕೈಗಳನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಗಟ್ಟಿಯಾಗಿ ಹಿಡಿದ.

"ಕಡೀಕೂ ನನ್ನ ಮಗನ ಆದೀಪಾ ನೀ" ಎಂದು ಅತ್ತ.